ಹನ್ನೊಂದು ದಿನದ ಕೂಸಿಗೆ ಎರಡು ವರ್ಷ

ಮದುವೆ ಗೊತ್ತಾದ ಮನೆಯಲ್ಲಿ ಯಾರಿಗೂ ಕಾಲು ಚಾಚಿ ಕೂರುವಷ್ಟು ಪುರುಸೊತ್ತು ಇರುವುದಿಲ್ಲ. ಕುರುಗೋಡಿನ ಕೊಟ್ರಬಸಮ್ಮನ ಮನೆಯೂ ಹಾಗೇ ಆಗಿತ್ತು. ಅದು ಸಾವಿರದ ಒಂಬೈನೂರ ಐವತ್ತೆರಡರ ಏಪ್ರಿಲ್. ಯುಗಾದಿ ಕಳೆದು ಎರಡು ವಾರವಾಗಿತ್ತು. ಇನ್ನೆರಡು ವಾರಕ್ಕೆ, ಏಪ್ರಿಲ್ ಇಪ್ಪತ್ತೇಳರ ಬಸವ ಜಯಂತಿಯ ದಿನ, ಮೊಮ್ಮಗಳು ಜಂಬಮ್ಮನ ಮದುವೆ. ಗಂಡು ಸಿರುಗುಪ್ಪದ ಎರ್ರಿಸ್ವಾಮಿಯವರ ಮಗ. ಶ್ಯಾವಿಗೆ ಹೊಸೆದು, ಅಕ್ಕಿ ಹಸನು ಮಾಡಿ, ಗೋಡೆಗೆ ಸುಣ್ಣ ಬಳಿದು ಸೊಸೆ ಚನ್ನವೀರಮ್ಮನ ಸೊಂಟ ಬಿದ್ದುಹೋಗಿತ್ತು. ಮಗ ಹಾಲಸಿದ್ದಪ್ಪ ಬಳ್ಳಾರಿಯ ಹತ್ತಿ ಪ್ರೆಸ್ಸಿನಲ್ಲಿ ತೂಕ ಮಾಡುವವನು. ಅಂದು ಭಾನುವಾರವಾದ್ದರಿಂದ ಮನೆಗೆ ಬಂದಿದ್ದ.

ಬೆಳಿಗ್ಗೆ ಪಕ್ಕದ ಮನೆಯಿಂದ ಹೆರಿಗೆ ನರ್ಸ್ ಈರಮ್ಮ ಹೊರಗೆ ಬಂದಳು. ಅಲ್ಲಿ ಎಳೆಯ ಸೊಸೆಯೊಬ್ಬಳು ಎರಡು ದಿನ ನೋವು ತಿಂದು ಹೆತ್ತಿದ್ದಳು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಈರಮ್ಮ ಕೊಟ್ರಬಸಮ್ಮನ ಕಟ್ಟೆಯ ಮೇಲೆ ಕುಸಿದು ಕುಳಿತಳು.

"ಒಂದು ಲೋಟ ಮಜ್ಜಿಗಿ ಕೊಡ್ರಿ ಅಜ್ಜಿ. ಸಾಕಾಗಿ ಹೋಗೇತಿ."

ಮಜ್ಜಿಗೆ ತಂದವಳು ಜಂಬಮ್ಮ. ಈರಮ್ಮ ಆ ಹುಡುಗಿಯ ಸಣ್ಣ ಮಣಿಕಟ್ಟು ನೋಡಿದಳು, ಮುಖ ನೋಡಿದಳು.

"ಮದಿವಿ ಇಕೀದೇನು? ವಯಸ್ಸೆಷ್ಟ್ರಿ?"

"ಹದಿನಾರು, ಯವ್ವಾ. ಕಾನೂನು ಹದಿನೈದು ಅಂತೈತಂತ. ನಾವು ಕೊಸರು ಸೇರಿಸೇ ಕೊಡಾಕ ಹತ್ತೀವಿ," ಎಂದು ಕೊಟ್ರಬಸಮ್ಮ ನಕ್ಕಳು.

"ಹೆಂಗ ಎಣಿಸಿದ್ರಿ?"

ಕೊಟ್ರಬಸಮ್ಮನಿಗೆ ಇದು ಹೆಮ್ಮೆಯ ವಿಷಯ. ಪ್ರತಿ ಯುಗಾದಿಗೆ ಗುಡಿಯಲ್ಲಿ ಪಂಚಾಂಗ ಕೇಳಿ ಕೇಳಿ ಸಂವತ್ಸರಗಳ ಹೆಸರು ಆಕೆಗೆ ಬಾಯಿಪಾಠ. ಮನೆಯವರೆಲ್ಲರ ವಯಸ್ಸು ಆಕೆಯ ಬೆರಳ ಗೆರೆಗಳಲ್ಲೇ ಇತ್ತು. ಹೆಬ್ಬೆರಳು ಓಡಿಸುತ್ತಾ ಶುರುಮಾಡಿದಳು: "ಇಕಿ ಹುಟ್ಟಿದ್ದು ಈಶ್ವರ ಸಂವತ್ಸರದಾಗ. ಈಶ್ವರ ಒಂದು, ಬಹುಧಾನ್ಯ ಎರಡು, ಪ್ರಮಾಥಿ ಮೂರು, ವಿಕ್ರಮ ನಾಕು..." ಎಲ್ಲೂ ತಡವರಿಸದೆ ಈ ವರ್ಷಕ್ಕೆ ಬಂದು ಮುಟ್ಟಿದಳು. "ಖರ ಹದಿನೈದು, ನಂದನ ಹದಿನಾರು. ತಪ್ಪೈತೇನು ಹೇಳು?"

"ಹೆಸರು ಒಂದೂ ತಪ್ಪಿಲ್ರಿ. ಈಶ್ವರದಾಗ ಯಾವಾಗ ಹುಟ್ಟಿದ್ಲು?"

"ಹೋಳಿ ಹುಣ್ಣಿವಿ ಆಗಿ ಐದು ದಿನಕ್ಕ. ಹನ್ನೊಂದು ದಿನದ ಕೂಸಿತ್ತು, ಯುಗಾದಿ ಬಂತು."

"ಅಂದ್ರ ಆ ಯುಗಾದಿಗೆ ಕೂಸಿಗೆ ಎರಡು ವರ್ಷ ಅಂತೀರೇನು?"

"ಎರಡನೇದು ಹತ್ತಿತಲ್ಲ!"

"ಅಜ್ಜಿ, ಹನ್ನೊಂದು ದಿನದ ಕೂಸು. ಇನ್ನೂ ಕಣ್ಣು ನಿಲ್ಲಿಸಿ ನೋಡ್ತಿರಲಿಲ್ಲ. ಅದಕ್ಕ ಎರಡು ವರ್ಷ ಹಾಕಿದ್ರಿ. ಈಶ್ವರದಾಗ ಹನ್ನೊಂದು ದಿನ ಇತ್ತು, ಅದನ್ನ ಒಂದು ವರ್ಷ ಮಾಡಿದ್ರಿ. ನಂದನ ಬಂದು ಎರಡು ವಾರ ಆತು, ಅದನ್ನೂ ಒಂದು ವರ್ಷ ಮಾಡಿದ್ರಿ. ಆ ತುದಿ ಒಂದು, ಈ ತುದಿ ಒಂದು ತೆಗೀರಿ. ಎಷ್ಟು ಉಳೀತು?"

ಕೊಟ್ರಬಸಮ್ಮ ಬೆರಳು ನೋಡಿಕೊಂಡಳು. "ಹದಿನಾಕು," ಎಂದಳು. ಆಮೇಲೆ ಸಿಟ್ಟು ಬಂತು. "ನಮ್ಮ ಹಿರೇರು ಹಿಂಗ ಎಣಿಸ್ಕೊಂಡು ಬಂದಾರ. ಅವರೇನು ದಡ್ಡರೇನು?"

"ದಡ್ಡರು ಅನ್ನಲಿಲ್ರಿ. ಹಬ್ಬ ಹರಿದಿನಕ್ಕ ಆ ಎಣಿಕಿ ನಡೀತೈತಿ. ಹುಡುಗಿ ಮೈಗೆ ನಡಿಯಂಗಿಲ್ಲ."

ಒಳಗಿದ್ದ ಹಾಲಸಿದ್ದಪ್ಪ ಬಾಗಿಲಿಗೆ ಬಂದ. ಅವನಿಗೆ ಈ ಮಾತು ಹಿಡಿಸಲಿಲ್ಲ. "ಇಂಗ್ಲಿಷ್ ತಾರೀಕಿನ ಪ್ರಕಾರ ಬ್ಯಾರೆ ಬರಬಹುದ್ರಿ ನರ್ಸಮ್ಮ."

"ಇಕಿ ಹುಟ್ಟಿದ ತಾರೀಕು ಗೊತ್ತೈತೇನ್ರಿ ಅಣ್ಣಾ?"

"ಮರಿಯಾಕ ಹೆಂಗಾಗತೈತಿ? ಅವತ್ತೇ ನಾನು ಪ್ರೆಸ್ಸಿಗೆ ಸೇರಿದ್ದು. ಮೂವತ್ತೆಂಟನೇ ಇಸವಿ, ಮಾರ್ಚ್ ಇಪ್ಪತ್ತೊಂದು, ಸೋಮವಾರ."

"ಚಲೋ ಆತು. ಚೀಲದ ತೂಕ ಹೆಂಗ ಕಳೀತೀರೋ ಹಂಗ ಕಳೀರಿ. ಮ್ಯಾಲ ಮದಿವಿ ತಾರೀಕು, ಕೆಳಗ ಹುಟ್ಟಿದ ತಾರೀಕು. ದಿನದಾಗ ದಿನ, ತಿಂಗಳಾಗ ತಿಂಗಳು, ವರ್ಷದಾಗ ವರ್ಷ. ದಿನ ಸಾಲದಿದ್ರ ಒಂದು ತಿಂಗಳು ಒಡೀರಿ, ತಿಂಗಳು ಸಾಲದಿದ್ರ ಒಂದು ವರ್ಷ ಒಡೀರಿ."

ಹಾಲಸಿದ್ದಪ್ಪ ಇದ್ದಿಲು ತೆಗೆದುಕೊಂಡು ಕಟ್ಟೆಯ ಕಲ್ಲಿನ ಮೇಲೆ ಬರೆದ. ಇಪ್ಪತ್ತೇಳರಲ್ಲಿ ಇಪ್ಪತ್ತೊಂದು ಹೋದರೆ ಆರು ದಿನ. ನಾಲ್ಕನೇ ತಿಂಗಳಲ್ಲಿ ಮೂರು ಹೋದರೆ ಒಂದು ತಿಂಗಳು. ಐವತ್ತೆರಡರಲ್ಲಿ ಮೂವತ್ತೆಂಟು ಹೋದರೆ ಹದಿನಾಲ್ಕು ವರ್ಷ. ಬರೆದದ್ದನ್ನು ಇನ್ನೊಮ್ಮೆ ನೋಡಿ ಇದ್ದಿಲು ಕೆಳಗಿಟ್ಟ.

"ಮದಿವಿ ದಿನಕ್ಕ ಹದಿನಾಕು ವರ್ಷ, ಒಂದು ತಿಂಗಳು, ಆರು ದಿನ," ಎಂದ. ದನಿ ಸಣ್ಣದಾಗಿತ್ತು.

"ಕಾನೂನಿಗೇ ಹತ್ರ ಹತ್ರ ಹನ್ನೊಂದು ತಿಂಗಳು ಕಮ್ಮಿ. ನನ್ನ ಕೇಳಿದ್ರ ಆ ಹದಿನೈದೂ ಸಾಲದು. ಈಗ ಪಕ್ಕದ ಮನ್ಯಾಗ ನೋಡಿ ಬಂದೆ."

ಕೊಟ್ರಬಸಮ್ಮ ಬಿಡಲಿಲ್ಲ. "ಯಾರು ಕೇಳಾಕ ಬರ್ತಾರ? ಮಾತು ಕೊಟ್ಟೀವಿ. ಈಗ ತಪ್ಪಿದ್ರ ಊರಾಗ ಮಾರಿ ಎತ್ತಿ ಅಡ್ಡಾಡಾಕ ಆಗತೈತೇನು?"

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಚನ್ನವೀರಮ್ಮ ಬಾಯಿ ತೆರೆದಳು. ಅತ್ತೆಯ ಎದುರು ಅವಳು ಹೀಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಅತ್ತಿ, ನನ್ನ ವಯಸ್ಸನ್ನೂ ನಮ್ಮವ್ವ ಹಿಂಗ ಎಣಿಸಿ ಹದಿನಾಕು ಅಂತ ಹೇಳಿದ್ಲು. ನೀವು ಒಪ್ಪಿದ್ರಿ. ಅಂದ್ರ ನನಗ ಹನ್ನೆರಡೋ ಹದಿಮೂರೋ ಇತ್ತು. ಜಂಬಿಗಿಂತ ಮೊದಲ ಎರಡು ಕೂಸು ಮಣ್ಣಿಗೆ ಕೊಟ್ಟೀನಿ. ನನ್ನ ಹಣಿಬರಹ ಅಂತ ಸುಮ್ಮನಿದ್ದೆ. ಹಣಿಬರಹ ಅಲ್ಲ, ಎಣಿಕಿ ತಪ್ಪಿತ್ತು."

ಕೊಟ್ರಬಸಮ್ಮ ಸೊಸೆಯ ಮುಖವನ್ನೇ ನೋಡುತ್ತಾ ಕುಳಿತಳು. ಆ ಎರಡು ಕೂಸುಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದು ಆಕೆಯೇ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

"ಹಾಲಸಿದ್ದಾ," ಎಂದಳು ಕೊನೆಗೆ, "ನಾಳಿ ಸಿರುಗುಪ್ಪಕ್ಕ ಹೋಗಿ ಬಾ. ಕೂಸಿನ್ನೂ ಸಣ್ಣದೈತಿ, ಮೂರ್ನಾಕು ವರ್ಷ ಮದಿವಿ ಇಲ್ಲ ಅಂತ ಹೇಳು. ಬೈದ್ರ ಬೈಸ್ಕೊಂಡು ಬಾ."

ಅವನು ಹೋಗಿ ಬೈಸಿಕೊಂಡೇ ಬಂದ. ಎರ್ರಿಸ್ವಾಮಿಯವರು "ಮೊದಲ ಹೇಳಾಕ ಏನಾಗಿತ್ತು?" ಎಂದು ಬೀದಿಗೆ ಕೇಳುವಂತೆ ಕೂಗಾಡಿದರು. ಆ ಸಂಬಂಧ ಮುರಿಯಿತು. ಊರವರು ಮಳೆಗಾಲದವರೆಗೂ ಆಡಿಕೊಂಡರು. ನಿಜ ಹೇಳಬೇಕೆಂದರೆ ಆ ಮನೆಯವರಿಗೆ ಅದು ಸುಲಭವಾಗಿರಲಿಲ್ಲ. ಸರಿಯಾದ ಕೆಲಸ ಮಾಡಿದವರಿಗೆ ಊರು ಆರತಿ ಎತ್ತುತ್ತದೆ ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ.

ಬಸವ ಜಯಂತಿಯ ಮಧ್ಯಾಹ್ನ ಜಂಬಮ್ಮ ಉಂಡು, ಅವ್ವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಚನ್ನವೀರಮ್ಮ ಕಾಲು ಜೋಮು ಹಿಡಿದರೂ ಅಲುಗದೆ ಕುಳಿತಿದ್ದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದೆಲ್ಲ ಹಳೇ ಕಾಲದ ಮಾತು ಎನ್ನಬೇಡಿ. ಸಂವತ್ಸರದ ಹೆಸರು ನಮಗೆ ಮರೆತಿದೆ, ಆ ಎಣಿಕೆ ಮರೆತಿಲ್ಲ. ಈಗ ಕಾನೂನು ಹುಡುಗಿಗೆ ಹದಿನೆಂಟು ಎನ್ನುತ್ತದೆ. ನಾವು "ಹದಿನೆಂಟು ನಡೀತೈತಿ" ಎಂದು ಚಪ್ಪರ ಹಾಕುತ್ತೇವೆ. ನಡೆಯುತ್ತಿದೆ ಎಂದರೆ ತುಂಬಿಲ್ಲ ಎಂದೇ ಅರ್ಥ. ಇದನ್ನು ಹೇಳಿ ಹೇಳಿ ನನಗೂ ದಣಿವಾಗಿದೆ. ಆದರೂ ಕೇಳಿಕೊಳ್ಳುತ್ತೇನೆ: ಮಗು ಹುಟ್ಟಿದ ಕೂಡಲೇ ತಾರೀಕು ನೋಂದಾಯಿಸಿ. ಮದುವೆಯ ಮಾತು ಬಂದ ದಿನ ತಾರೀಕಿನಲ್ಲಿ ತಾರೀಕು ಕಳೆಯಿರಿ. ನಿಮಗೆ ಬಾರದಿದ್ದರೆ ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಒಂದು ದಿನ ಕಮ್ಮಿ ಬಂದರೂ ಮದುವೆ ನಿಲ್ಲಿಸಿ. ಮುರಿದ ಸಂಬಂಧಕ್ಕೆ ಬದಲು ಇನ್ನೊಂದು ಬರುತ್ತದೆ. ಮಣ್ಣಿಗೆ ಕೊಟ್ಟ ಕೂಸು ಬರುವುದಿಲ್ಲ.