ದೊಡ್ಡ ಹೋಳು ಗಂಡನಿಗೆ

ನಾನು ಒಂದು ಅಡಕೊತ್ತು. ಬೆಟಗೇರಿಯ ಕಮ್ಮಾರಸಾಲೆಯಲ್ಲಿ ಬೆಂಕಿ ಉಂಡು, ಏಟು ತಿಂದು ಹುಟ್ಟಿದವನು. ಬಾಯಿ ಹರಿತ, ಆದರೆ ಮಾತಿಲ್ಲ. ಮಾತಿದ್ದಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು.

ಮೊದಲು ನೇಕಾರ ಮಲ್ಕಪ್ಪನ ತಾಯಿಯ ಸಂಚಿಯಲ್ಲಿದ್ದೆ. ಆಕೆ ತೀರಿಕೊಂಡ ಮೇಲೆ ಸೊಸೆ ನಿಂಬೆವ್ವನ ಕೈಗೆ ಬಂದೆ. ಇಡೀ ಅಡಿಕೆ ಒಬ್ಬರೇ ತಿಂದರೆ ಗಂಡಹೆಂಡಿರಿಗೆ ಜಗಳ ಬರುತ್ತದೆಂದು ಆ ಮನೆಯ ನಂಬಿಕೆ. ಊಟವಾದ ಮೇಲೆ ನಿಂಬೆವ್ವ ಒಂದಡಿಕೆ ಕತ್ತರಿಸಿ ದೊಡ್ಡ ಹೋಳನ್ನು ಗಂಡನ ಅಂಗೈಗಿಡುತ್ತಿದ್ದಳು. ಅದನ್ನು ನೋಡುವುದೇ ನನಗೊಂದು ಹಬ್ಬ.

ಮುಪ್ಪಿನಲ್ಲಿ ಮಲ್ಕಪ್ಪನಿಗೆ ಎದೆನೋವು ಬಂತು, ಮರುವರ್ಷ ನಿಂಬೆವ್ವನಿಗೂ. ಬಡವರ ರೇಷನ್ ಕಾರ್ಡು ತೋರಿಸಿದ್ದಕ್ಕೆ ದೊಡ್ಡಾಸ್ಪತ್ರೆಯಲ್ಲಿ ಇಬ್ಬರಿಗೂ ಪುಕ್ಕಟೆ ಸ್ಟೆಂಟ್ ಹಾಕಿದರು. ಎದುರುಮನೆಯ ನಿವೃತ್ತ ಮ್ಯಾನೇಜರ್ ದೇಸಾಯರಿಗೂ ಅಲ್ಲೇ, ಅದೇ ಚಿಕಿತ್ಸೆ. ಎಲೆಅಡಿಕೆ ಬಿಡಬೇಕು, ಗುಳಿಗೆ ಬಿಡಬಾರದು ಎಂದರು ಡಾಕ್ಟರು. ನಾನು ಗೋಡೆಯ ಗೂಡು ಸೇರಿದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಸರಕಾರಿ ದವಾಖಾನೆಯಲ್ಲಿ ಗುಳಿಗೆ ಆಗಾಗ ಮುಗಿದಿರುತ್ತಿತ್ತು. ಅಂಗಡಿಯಲ್ಲಿ ಒಬ್ಬರದಷ್ಟೇ ಕೊಳ್ಳುವ ಶಕ್ತಿ ಅವರದು. ಒಂದು ದಿನ ನಿಂಬೆವ್ವ ನನ್ನನ್ನು ಇಳಿಸಿ, ನನ್ನ ಬಾಯಿಗೆ ಗುಳಿಗೆ ಇಟ್ಟು ಕತ್ತರಿಸಿದಳು.

"ಒಂದಾ ರೋಗ, ಒಂದಾ ಗುಳಿಗಿ. ಹಂಚಿಕೊಂಡ್ರಾತು."

ದೊಡ್ಡ ಹೋಳು ಮತ್ತೆ ಗಂಡನಿಗೇ. ಈ ಸಲ ಅದು ನನಗೆ ಹಬ್ಬವಾಗಲಿಲ್ಲ. ಇಡೀ ಗುಳಿಗೆ ನುಂಗುವ ದೇಸಾಯರು ದಿನಾ ಕೆರೆದಂಡೆ ಸುತ್ತಿ ಬರುತ್ತಿದ್ದರು. ನಿಂಬೆವ್ವ ಒಂದು ಕೊಡ ನೀರು ತಂದರೆ ಹೊಸ್ತಿಲಲ್ಲೇ ಕೂತು ಏದುಸಿರು ಬಿಡುತ್ತಿದ್ದಳು.

ಒಮ್ಮೆ ಬಿ.ಪಿ. ನೋಡಲು ಮನೆಗೆ ಬಂದ ದವಾಖಾನೆಯ ನರ್ಸಬಾಯಿ ಮೆಹಬೂಬಿಯ ಕಣ್ಣಿಗೆ ನಾನು ಬಿದ್ದೆ.

"ಎಲಿಅಡಿಕಿ ಬಿಟ್ಟೇವಿ ಅಂದ್ರಿ. ಮತ್ತ ಇದರ ಬಾಯಿಗೆ ಸುಣ್ಣ ಹತ್ತೇತಲ್ಲ?"

"ಸುಣ್ಣ ಅಲ್ಲವ್ವ, ಗುಳಿಗಿ ಹಿಟ್ಟು," ಎಂದ ಮಲ್ಕಪ್ಪ ಮೆಲ್ಲಗೆ.

ಸಂಗತಿ ಕೇಳಿ ಆಕೆ ಬಯ್ಯಲಿಲ್ಲ, ಕಣ್ಣೊರೆಸಿಕೊಂಡಳು. "ಅರ್ಧರ್ಧ ತಿಂದ್ರ ಇಬ್ಬರೂ ಉಳಿಯೂದಿಲ್ಲಬೇ. ಗುಳಿಗಿ ತರಿಸೂದು ನನಗಿರಲಿ. ಇದನ್ನ ಮಾತ್ರ ನಾ ಒಯ್ತೀನಿ."

ಈಗ ನಾನು ದವಾಖಾನೆಯ ಕಿಟಕಿಯಲ್ಲಿದ್ದೇನೆ. ಪ್ರತಿ ತಿಂಗಳು ಗುಳಿಗೆಗೆ ಇಬ್ಬರೂ ಜೊತೆಯಾಗಿ ಬರುತ್ತಾರೆ. ಇಲ್ಲಿ ಮುಗಿದಿದ್ದರೆ ಮೆಹಬೂಬಿ ಜಿಲ್ಲಾಸ್ಪತ್ರೆಗೆ ಓಡಿ ತರುತ್ತಾಳೆ. ಮೊನ್ನೆ ಆಕೆ, "ಅಡಕೊತ್ತ ವಾಪಸ್ ಒಯ್ತಿಯೇನಬೇ?" ಎಂದು ಕೇಳಿದಳು.

ನಿಂಬೆವ್ವ ನನ್ನನ್ನೆತ್ತಿ ಸೆರಗಿನಿಂದ ಒರೆಸಿದಳು. "ಬ್ಯಾಡವ್ವ. ಮನ್ಯಾಗಿದ್ರ ನನ್ನ ಕೈ ಸುಮ್ನಿರೂದಿಲ್ಲ," ಎಂದು ಅಲ್ಲೇ ಇಟ್ಟಳು.

ಬಾಯಿಗೆ ತುಕ್ಕು ಹಿಡಿಯುತ್ತಿದೆ. ಹಿಡಿಯಲಿ. ಬರುವ ತಿಂಗಳೂ ಆ ಬಾಗಿಲಲ್ಲಿ ಇಬ್ಬರೂ ಕಂಡರೆ ಸಾಕು.