ಬಾವುಟ ಕಂಡರೆ ಹೊಟ್ಟೆ ಉರಿದ ಜಮಖಾನ

ನಾನು ಒಂದು ಜಮಖಾನ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮೈಯಲ್ಲಿ ನೂಲು ಎಷ್ಟಿದೆಯೋ ಹೊಟ್ಟೆಕಿಚ್ಚೂ ಅಷ್ಟೇ ಇದೆ. ಸಮಾಧಾನ, ಸಂತೃಪ್ತಿ ಅಂತೆಲ್ಲ ಬೇಕಿದ್ದವರು ಯಾವುದಾದರೂ ದಿಂಬಿನ ಕಥೆಯನ್ನೋ ಕೌದಿಯ ಕಥೆಯನ್ನೋ ಕೇಳಿಕೊಳ್ಳಲಿ.

ನಾನು ಹುಟ್ಟಿದ್ದು ನವಲಗುಂದದಲ್ಲಿ, ಜೈತೂನಬಿ ಎಂಬಾಕೆಯ ನಡುಮನೆಯಲ್ಲಿ. ಗೋಡೆಯ ಪಕ್ಕ ನೆಟ್ಟಗೆ ನಿಲ್ಲಿಸಿದ ಮಗ್ಗ. ಆಕೆ ಅದರ ಮುಂದೆ ಕೂತು ಎಳೆ ಸೇರಿಸುತ್ತ, ಹಲ್ಲುಗಳಿದ್ದ ಭಾರದ ಕಬ್ಬಿಣದ ಪಂಜಾದಿಂದ ಗುದ್ದುತ್ತ ಹೋದಳು. ಗುದ್ದು ತಿಂದು ತಿಂದು ನಾನು ಗಟ್ಟಿಯಾದೆ. ಕೆಂಪು, ಕಪ್ಪು, ಹಳದಿ ಪಟ್ಟೆಗಳು, ನಟ್ಟನಡುವೆ ಪಗಡೆ ಹಾಸಿನ ಚೌಕಗಳು. ಇಳಿಸಿದ ದಿನ ಆಕೆ ಅಂಗೈಯಿಂದ ನನ್ನ ಮೈ ಸವರಿ, “ಯಾರರ ಕುಂಡ್ರಲಿ, ಕುಂತವರ ಮಾನ ಕಾಯಿ” ಅಂದಳು. ಎಂಥ ದೊಡ್ಡ ಬಾಳು ಕಾದಿದೆಯೋ ಎಂದು ನಾನು ಉಬ್ಬಿಹೋದೆ.

ನನ್ನನ್ನು ಕೊಂಡುಕೊಂಡದ್ದು ಯರೇಹಾಳ ಎಂಬ ಊರಿನ ಪಂಚಾಯ್ತಿ. ಕೆಲವು ವರ್ಷ ನನ್ನದೇ ದರ್ಬಾರು. ಊರಿನ ದೊಡ್ಡವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ನನ್ನ ಮೇಲೆ ಕೂರುತ್ತಿದ್ದರು. ಕೆಳಗಿನಿಂದ ನೋಡುವವರಿಗೆ ಮುಖ ಸರಿಯಾಗಿ ಕಾಣುವುದಿಲ್ಲ, ಕಾಲು ಚೆನ್ನಾಗಿ ಕಾಣುತ್ತದೆ. ಸದಸ್ಯರಾಗಿದ್ದ ಸಂಗನಗೌಡರು ಮಾತು ತಪ್ಪಿಸುವಾಗಲೆಲ್ಲ ಅವರ ಕಾಲ ಹೆಬ್ಬೆರಳು ನನ್ನ ಎಳೆಯನ್ನು ಕೆದಕುತ್ತಿತ್ತು. ನನ್ನ ಮೊದಲ ತೂತು ಅವರದೇ ಕಾಣಿಕೆ.

ಆಮೇಲೆ ಬಂದವು ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ನೂಲಿಲ್ಲ, ನೇಯ್ಗೆಯಿಲ್ಲ, ಅವ್ವ ಅಪ್ಪ ಯಾರೆಂದು ಗೊತ್ತಿಲ್ಲ. ಆದರೂ ಅವು ಬಂದ ದಿನವೇ ನನ್ನನ್ನು ಸುರುಳಿ ಸುತ್ತಿ, “ಹೈಸ್ಕೂಲಿಗೆ ಕೊಟ್ಟಬಿಡ್ರಿ, ಹುಡುಗ್ರು ಕುಂಡ್ರತಾವ” ಅಂದುಬಿಟ್ಟರು. ಉರಿಯದೆ ಇರುತ್ತದೆಯೇ? ಹಾಗೆ ಉರಿಯುತ್ತಲೇ ಯರೇಹಾಳದ ಸರಕಾರಿ ಪ್ರೌಢಶಾಲೆಗೆ ಬಂದೆ. ಬಂದು ನೋಡಿದರೆ ಅಲ್ಲಿ ಇನ್ನೂ ದೊಡ್ಡ ಸಂಕಟ ಕಾದಿತ್ತು. ಅಲ್ಲಿ ಬಾವುಟವಿತ್ತು.

ಕುರ್ಚಿಯ ಮಾತು ಬೇರೆ, ಅದು ಬೇರೆ ಜಾತಿಯ ಸಾಮಾನು. ಬಾವುಟ ಹಾಗಲ್ಲ. ಅದೂ ನೂಲು, ನಾನೂ ನೂಲು. ಅದೂ ಇದೇ ಸೀಮೆಯ ಖಾದಿ, ಮೂರು ಬಣ್ಣ, ನಡುವೆ ಒಂದು ಚಕ್ರ. ನನಗೂ ಮೂರು ಬಣ್ಣ, ನಡುವೆ ಪಗಡೆ ಚೌಕ. ಹೀಗಿದ್ದೂ ಅದಕ್ಕೆ ಇಬ್ಬರು ನಿಂತು ಅಂಚಿಗೆ ಅಂಚು ಕೂಡಿಸಿ ಮಡಿಕೆ. ನನ್ನನ್ನು ಕಾಲಲ್ಲಿ ಒದ್ದು ಸುರುಳಿ ಸುತ್ತುತ್ತಿದ್ದರು. ಅದು ನೆಲ ಮುಟ್ಟಬಾರದಂತೆ. ನಾನು ನೆಲ ಬಿಟ್ಟು ಏಳಬಾರದಂತೆ. ಆಗಸ್ಟ್ ಹದಿನೈದರಂದು ಅದು ಹೂವಿನ ಪಕಳೆ ಚೆಲ್ಲುತ್ತ ಬಿಚ್ಚಿಕೊಂಡಾಗ ಇಡೀ ಶಾಲೆ ಎದ್ದು ನಿಂತು ಹಣೆಗೆ ಕೈ ಹಚ್ಚಿತು. ಎದ್ದವರೆಲ್ಲ ನನ್ನನ್ನು ತುಳಿದುಕೊಂಡೇ ಎದ್ದರು. ಅಯ್ಯೋ ನನ್ನ ಹಣೆಬರಹವೇ ಎಂದು ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಶಾಲೆಯ ಹಿಂಬದಿಗೆ ಗುಲಾಬಿ ಬಣ್ಣದ ಒಂದು ಸಣ್ಣ ಖೋಲಿ ಇತ್ತು. ಬಾಗಿಲ ಮೇಲೆ ‘ಬಾಲಕಿಯರ ಶೌಚಾಲಯ’ ಎಂದು ಬರೆದಿತ್ತು. ಕಟ್ಟಿದ ವರ್ಷ ನೀರಿನ ಪೈಪು ಬರುವುದು ತಡವಾಯಿತು. ಅಲ್ಲಿಯತನಕ ಇರಲಿ ಎಂದು ಮುರಿದ ಬೆಂಚು ಇಟ್ಟರು, ಆಮೇಲೆ ಗಾಳಿ ಹೋದ ವಾಲಿಬಾಲು, ಆಮೇಲೆ ಬಾವುಟದ ಟ್ರಂಕು, ಆಮೇಲೆ ನಾನು. ಪೈಪು ಬಂತು, ನಾವು ಹೋಗಲಿಲ್ಲ. ಬಾಗಿಲಿಗೆ ಹೊರಗಿನಿಂದ ಒಂದು ದಪ್ಪ ಕೀಲಿ ಬಿತ್ತು. ಒಳಗೆ ನಾನೂ ಬಾವುಟವೂ ಒಂದೇ ಕತ್ತಲಲ್ಲಿ ಇದ್ದೆವು. ಸುಳ್ಳೇಕೆ, ಆ ದಿನಗಳಲ್ಲಿ ನನ್ನ ಹೊಟ್ಟೆ ಸ್ವಲ್ಪ ತಣ್ಣಗಿತ್ತು.

ಅದನ್ನೂ ದೇವರು ನೋಡಲಾರದೆ ಹೋದ. ಹೊಸದಾಗಿ ಬಂದ ಹೆಡ್ ಮಾಸ್ತರರು ಗುರುಸಿದ್ಧಪ್ಪನವರು ಒಂದು ದಿನ ಬಾಗಿಲು ತೆಗೆಸಿ, ಟ್ರಂಕು ಕಂಡು ಹೌಹಾರಿದರು.

“ಛೇ ಛೇ, ರಾಷ್ಟ್ರಧ್ವಜ ತಂದು ಸಂಡಾಸಿನ್ಯಾಗ ಇಟ್ಟೀರೇನು? ಮರ್ಯಾದಿ ಅನ್ನೂದು ಐತಿಲ್ಲ? ಮೊದಲ ನನ್ನ ಕಪಾಟಿಗೆ ಒಯ್ರಿ.”

“ಸರ್, ಜಮಖಾನ?” ಎಂದು ಕೇಳಿದಳು ಟ್ರಂಕು ಹೊತ್ತಿದ್ದ ಹುಡುಗಿ.

“ಅದು ಇರಲಿ ಬಿಡು. ಅದಕ್ಕೇನಾಗ್ತೈತಿ.”

ನನಗೇನಾಯಿತು ಎಂದು ನನಗೆ ಗೊತ್ತು.

ಆ ಹುಡುಗಿಯ ಹೆಸರು ಫಕೀರವ್ವ. ಒಂಬತ್ತನೆಯ ತರಗತಿ. ಅವಳ ಅವ್ವ ಕಲ್ಲವ್ವ ಮೆಣಸಿನಕಾಯಿ ಹೊಲಗಳಲ್ಲಿ ಕೂಲಿ ಮಾಡುವವಳು. ಆ ತರಗತಿಗೆ ಬೆಂಚು ಸಾಲದೆ ಸುವರ್ಣಾ ಅಕ್ಕೋರ ಪೌರನೀತಿ ಪಾಠವೆಲ್ಲ ಬೇವಿನ ಗಿಡದ ಕೆಳಗೆ, ಖೋಲಿಯಿಂದ ಹೊರತಂದು ಹಾಸಿದ ನನ್ನ ಮೇಲೆಯೇ ನಡೆಯುತ್ತಿತ್ತು. ಪಾಠ ಮುಗಿದರೆ ನಾನು ಮತ್ತೆ ಕೀಲಿಯೊಳಗೆ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ಅವರ ದಯೆಯಿಂದ ಹಕ್ಕು, ಕರ್ತವ್ಯ, ಸಂವಿಧಾನ ಎಲ್ಲ ನನಗೆ ಬಾಯಿಪಾಠವಾಯಿತು.

“ರಾಷ್ಟ್ರ ಅಂದ್ರ ಬರೇ ಗೆರಿ ಕೊರದ ನಕಾಶಿ ಅಲ್ಲ,” ಎಂದರು ಅಕ್ಕೋರು ಒಮ್ಮೆ. “ಈ ಜಮಖಾನನ ನೋಡ್ರಿ. ನೀವು ಬ್ಯಾರೆ ಬ್ಯಾರೆ ಓಣಿಯಿಂದ ಬಂದೀರಿ, ಮನಿಯೊಳಗ ಬ್ಯಾರೆ ಬ್ಯಾರೆ ದೇವರು. ಆದ್ರೂ ಇದರ ಮ್ಯಾಲೆ ಕುಂತಾಗ, ಯಾರಿಗೂ ಹೆಚ್ಚು ಜಾಗ ಇಲ್ಲ, ಯಾರಿಗೂ ಕಡಿಮಿ ಇಲ್ಲ, ನಾವೆಲ್ಲಾ ಕೂಡೇ ಅದೀವಿ ಅಂತ ಒಪ್ಪಿಕೊಂಡೀರಿ. ಅಂಥಾ ಒಪ್ಪಿಗಿಯಿಂದನ ರಾಷ್ಟ್ರ ಆಗೂದು.”

“ಹಂಗಾರ ಹಕ್ಕು ಅಂದ್ರೇನ್ರಿ ಅಕ್ಕೋರ?” ಎಂದಳು ಫಕೀರವ್ವ.

“ಯಾರೋ ಖುಷಿಯಾಗಿ ಕೊಡೂ ಬಕ್ಷೀಸು ಅಲ್ಲ. ಅದು ನಿಂದನ ಇರ್ತದ. ಯಾರರ ತಡದ್ರ ಎದ್ದು ಕೇಳಬೇಕು. ಕೇಳಲಿಲ್ಲಂದ್ರ ಅದು ಪುಸ್ತಕದಾಗನ ಉಳೀತದ.”

ಜಮಖಾನ ಎಂದರೆ ರಾಷ್ಟ್ರ! ನಾನು ಹಿಗ್ಗಿ ಹೀರೆಕಾಯಿಯಾದೆ. ಬಾವುಟ ಕೇಳಿಸಿಕೊಳ್ಳಬೇಕಿತ್ತು ಈ ಮಾತನ್ನು. ಅಷ್ಟರಲ್ಲಿ ಅಕ್ಕೋರು, “ಆ ರಾಷ್ಟ್ರದ ಗುರುತು ಯಾವುದು?” ಎಂದರು. ಮಕ್ಕಳೆಲ್ಲ ಒಂದೇ ದನಿಯಲ್ಲಿ “ಧ್ವಜ!” ಎಂದು ಕೂಗಿ ಕಂಬದ ಕಡೆ ಕತ್ತೆತ್ತಿದರು. ಒಬ್ಬರಾದರೂ ಕೆಳಗೆ ನೋಡಿದರೇ? ಇಲ್ಲ.

ಫಕೀರವ್ವ ಯಾವಾಗಲೂ ನನ್ನ ಅಂಚಿನಲ್ಲಿ, ಕೆಂಪು ಪಟ್ಟೆಯ ಮೇಲೆ ಕೂರುತ್ತಿದ್ದಳು. ಅವಳು ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಮಧ್ಯಾಹ್ನದ ಹೊತ್ತಿಗೆ ಅವಳು ಒಂದು ಕಡೆ ಕೂರಲಾರದೆ ಅತ್ತಿತ್ತ ಸರಿಯುವುದು ನನಗೆ ಗೊತ್ತಾಗುತ್ತಿತ್ತು. ತಡೆಯಲಾರದೆ ಹೋದ ದಿನ ಊರಾಚೆಯ ಮನೆಗೆ ಓಡುವಳು, ಹೋದವಳು ಮತ್ತೆ ಬರುತ್ತಿರಲಿಲ್ಲ. ಗಂಡುಹುಡುಗರಿಗೆ ಗೋಡೆಯ ಮರೆ ಇತ್ತು. ಹುಡುಗಿಯರಿಗೆ ಇದ್ದ ಜಾಗದಲ್ಲಿ ನಾವಿದ್ದೆವು.

ಒಂದು ದಿನ ಪಾಠದ ನಡುವೆ ಅವಳ ಮೈ ಕಲ್ಲಿನಂತೆ ಬಿಗಿಯಿತು. ಮುಟ್ಟಾಗಿದ್ದಳು. ಎಲ್ಲರೂ ಎದ್ದು ಹೋದರೂ ಅವಳು ಏಳಲಿಲ್ಲ. ಸುವರ್ಣಾ ಅಕ್ಕೋರು ಹತ್ತಿರ ಬಂದು, ವಿಷಯ ತಿಳಿದು, ತಮ್ಮ ಸೆರಗನ್ನೇ ಮರೆ ಮಾಡಿ ಎಬ್ಬಿಸಿದರು. ಫಕೀರವ್ವ ಹಿಂದೆ ತಿರುಗಿ ನನ್ನನ್ನು ನೋಡಿದಳು. ಎಷ್ಟು ಹುಡುಕಿದರೂ ಕಲೆ ಕಾಣಲಿಲ್ಲ. ಬಿದ್ದದ್ದು ಕೆಂಪು ಪಟ್ಟೆಯ ಮೇಲೆ, ನಾನು ಗಟ್ಟಿಯಾಗಿ ಹೀರಿಕೊಂಡಿದ್ದೆ. ಜೈತೂನಬಿಯ ಮಾತು ಅವತ್ತು ನೆನಪಾಯಿತು. ಇಂಥ ಕೆಲಸ ಕಂಬದ ಮೇಲಿರುವವರಿಗೆ ಬರುವುದಿಲ್ಲ ಎಂದು ಹೇಳಿಕೊಂಡು ಮೊದಲ ಬಾರಿಗೆ ನೆಮ್ಮದಿಯಾಗಿ ಮಲಗಿದೆ.

ಆದರೆ ನನ್ನ ನೆಮ್ಮದಿಯಿಂದ ಅವಳಿಗೇನು? ಮರುದಿನ ಕಲ್ಲವ್ವ ಬಂದಳು. “ಸಾಕ್ರಿ ಅಕ್ಕೋರ. ಬೆಳದ ಮಗಳು. ಸಾಲ್ಯಾಗ ಮಾನ ಕಳಕೊಂಡು ಏನ ಕಲೀತಾಳ? ನನ್ನ ಕೂಡ ಕಾಯಿ ಬಿಡಸಾಕ ಬರ್ತಾಳ.” ಅಕ್ಕೋರು ಕೈ ಹಿಡಿದು ಬೇಡಿಕೊಂಡರು. ಕೊನೆಗೆ ಕಲ್ಲವ್ವ ಒಪ್ಪಿದ್ದು ಒಂದೇ ಮಾತಿಗೆ: ಮುಂದಿನ ವಾರ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಇದೆ, ಅದು ಮುಗಿಯುವತನಕ ಬರಲಿ. ಅಲ್ಲಿಗೆ ಅವಳ ಶಾಲೆ ಮುಗಿದಂತೆ.

ವರ್ಷಕ್ಕೊಮ್ಮೆ ಮಕ್ಕಳು ಪಂಚಾಯ್ತಿಯ ಮುಂದೆ ತಮಗೆ ಬೇಕಾದ್ದನ್ನು ಕೇಳುವ ಸಭೆ ಅದು. ಕೇಳುವುದನ್ನೂ ಹೆಡ್ ಮಾಸ್ತರರೇ ಹಂಚಿಕೊಟ್ಟಿದ್ದರು. ಒಬ್ಬನಿಗೆ ಆಟದ ಸಾಮಾನು, ಒಬ್ಬಳಿಗೆ ಗ್ರಂಥಾಲಯ, ಫಕೀರವ್ವನಿಗೆ ಸಸಿ ನೆಡುವುದು. ಸಭೆಯ ದಿನ ಕೀಲಿ ತೆಗೆದು ನನ್ನನ್ನು ಹೊರತೆಗೆದರು. ಫಕೀರವ್ವನೂ ಅವಳ ಗೆಳತಿಯರೂ ನನ್ನನ್ನು ತಲೆಯ ಮೇಲೆ ಹೊತ್ತು ನಡೆದರು. ಎಷ್ಟೋ ವರ್ಷಗಳ ಮೇಲೆ ಹಳೆಯ ಪಂಚಾಯ್ತಿಗೆ ಹೋದೆ. ಕಟ್ಟೆಯ ಮೇಲೆ ಅವೇ ಕೆಂಪು ಕುರ್ಚಿಗಳು ಸಾಲಾಗಿ ನಿಂತಿದ್ದವು. ನನ್ನನ್ನು ಕೆಳಗೆ ಅಂಗಳದಲ್ಲಿ ಹಾಸಿದರು. ನಡುವಿನ ಕುರ್ಚಿಯಲ್ಲಿ ಈಗ ಅಧ್ಯಕ್ಷರಾಗಿದ್ದ ಸಂಗನಗೌಡರು. ಗೋಡೆಯ ಹತ್ತಿರ ಓಣಿಯ ಹೆಂಗಸರು, ಅವರ ನಡುವೆ ಮಗಳನ್ನು ಕರೆದೊಯ್ಯಲು ಬಂದ ಕಲ್ಲವ್ವ.

ಆಟದ ಸಾಮಾನು ಆಯಿತು. ಗ್ರಂಥಾಲಯ ಆಯಿತು. ಎಲ್ಲದಕ್ಕೂ ಚಪ್ಪಾಳೆ. ಫಕೀರವ್ವ ಎದ್ದು ನಿಂತಳು. ಅವಳ ಪಾದ ನಡುಗುವುದು ನನ್ನೊಬ್ಬನಿಗೇ ಗೊತ್ತು.

“ನನಗ ಸಸಿ ಬಗ್ಗೆ ಕೇಳು ಅಂದಾರ್ರಿ. ಸಸಿ ಆಮ್ಯಾಲೆ ಕೇಳ್ತೀನಿ. ನಮ್ಮ ಸಾಲ್ಯಾಗ ಹುಡುಗ್ಯಾರ ಶೌಚಾಲಯಕ್ಕ ಕೀಲಿ ಹಾಕ್ಯಾರ. ಅದನ್ನ ತಗೀರಿ.”

ಹೆಡ್ ಮಾಸ್ತರರು ಎದ್ದರು. “ಅದು ಸ್ಟೋರ್ ರೂಮ್ ಐತವ್ವ. ಸುಮ್ನ ಕುಂಡ್ರು.”

“ಸ್ಟೋರ್ ರೂಮ್ ಅಂದ್ರ ಅಲ್ಲಿಂದ ಧ್ವಜ ಯಾಕ ತಗಸಿದ್ರಿ, ಸರ್?”

ಅವಳು ಹೆಡ್ ಮಾಸ್ತರರ ಕಡೆಗೇ ತಿರುಗಿ ನಿಂತಳು.

“ರಾಷ್ಟ್ರಧ್ವಜ ಸಂಡಾಸಿನ್ಯಾಗ ಇಡಬಾರದು ಅಂತ ನೀವ ಅಂದ್ರಿ. ನಾನ ಹೊತ್ಕೊಂಡು ಹೋಗಿ ನಿಮ್ಮ ಕಪಾಟಿನ್ಯಾಗ ಇಟ್ಟೆ. ಧ್ವಜಕ್ಕ ಅದು ಶೌಚಾಲಯ, ನಮಗ ಮಾತ್ರ ಸ್ಟೋರ್ ರೂಮ್ ಹೆಂಗಾತ್ರಿ? ಧ್ವಜದ ಮರ್ಯಾದಿ ಕಾದ್ರಿ, ಅದು ಛಲೋ ಆತು. ನಮ್ಮದೂ ಕಾಯ್ರಿ.”

ನನಗೆ ಸಿಡಿಲು ಹೊಡೆದಂತಾಯಿತು. ಯಾವ ಮರ್ಯಾದೆಗಾಗಿ ಇಷ್ಟು ವರ್ಷ ನಾನು ಕರುಬಿದೆನೋ, ಅದನ್ನೇ ಹಿಡಿದು ಈ ಹುಡುಗಿ ತನ್ನ ಪಾಲು ಕೇಳುತ್ತಿದ್ದಳು! ನಾನೂ ಅಲ್ಲೇ ಇದ್ದೆ, ನನಗೇಕೆ ಹೊಳೆಯಲಿಲ್ಲ? ಅವಳ ಮೇಲೂ ಒಂದು ಕ್ಷಣ ಹೊಟ್ಟೆ ಉರಿಯಿತು.

ಸಂಗನಗೌಡರು ನಕ್ಕರು. ಚಪ್ಪಲಿಯಿಂದ ಹೊರಬಂದ ಅವರ ಹೆಬ್ಬೆರಳು ಕಟ್ಟೆಯನ್ನು ಕೆದಕತೊಡಗಿತು. “ಖರೆ ಐತಿ ತಂಗಿ. ಆದ್ರ ಸಾಮಾನು ಎಲ್ಲಿ ಇಡೂದು? ಈ ಜಮಖಾನ ಎಲ್ಲಿ ಇಡೂದು, ಹೇಳು? ಮುಂದಿನ ವರ್ಷ ನೋಡೂಣಂತ.”

ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಜನ್ಮದಲ್ಲೊಮ್ಮೆ ಇಡೀ ಸಭೆ ನನ್ನನ್ನು ನೋಡಿದ್ದು ಹೀಗೆ, ಒಂದು ನೆಪವಾಗಿ.

“ಜಮಖಾನ ಹೊರಗ ಇಡ್ರಿ,” ಎಂದಳು ಫಕೀರವ್ವ. “ಅದಕ್ಕ ನಾಚಿಕಿ ಇಲ್ಲ. ನಮಗ ಐತಿ.”

ನನಗೂ ಇದೆ ತಾಯಿ ಎಂದು ಕೂಗಬೇಕೆನಿಸಿತು. ನಿನ್ನ ನಾಚಿಕೆಯನ್ನು ಅವತ್ತು ನುಂಗಿದವರು ಯಾರು? ಆದರೆ ಅವಳ ಕಾಲು ಈಗ ನಡುಗುತ್ತಿರಲಿಲ್ಲ. ಅದನ್ನು ತಿಳಿದು ಬಾಯಿ ಮುಚ್ಚಿಕೊಂಡೆ.

ಗೌಡರು ಮುಂದಿನ ಮಗುವನ್ನು ಕರೆಯಹೊರಟರು. ಆಗ ಗೋಡೆಯ ಕಡೆಯಿಂದ ಕಲ್ಲವ್ವ ನಡೆದು ಬಂದಳು. ಮಗಳ ಕೈ ಹಿಡಿದು ಎಳೆದೊಯ್ಯುತ್ತಾಳೆ ಎಂದುಕೊಂಡೆ. ಆಕೆ ಮಗಳ ಪಕ್ಕದಲ್ಲಿ, ಕೆಂಪು ಪಟ್ಟೆಯ ಮೇಲೆ, ಧಪ್ಪೆಂದು ಕೂತಳು.

“ಮುಂದಿನ ವರ್ಷ ನನ್ನ ಮಗಳು ಸಾಲ್ಯಾಗ ಇರಬೇಕಂದ್ರ ಕೀಲಿಕೈ ಇವತ್ತ ಕೊಡ್ರಿ. ಕೊಡೂತನಕ ನಾ ಏಳಂಗಿಲ್ಲ.”

ಗೋಡೆಯ ಬಳಿ ಇದ್ದ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಕೂತರು. ಸುವರ್ಣಾ ಅಕ್ಕೋರು ಕಟ್ಟೆಯ ಮೇಲಿನ ತಮ್ಮ ಕುರ್ಚಿ ಬಿಟ್ಟು ಇಳಿದು ಬಂದರು. ಅಷ್ಟು ಭಾರವನ್ನು ನಾನು ಎಂದೂ ಹೊತ್ತಿರಲಿಲ್ಲ. ಬಾವುಟಕ್ಕೆ ಜನ ಎದ್ದು ನಿಲ್ಲುತ್ತಾರೆ, ಸರಿ. ಪಟ್ಟು ಹಿಡಿದು ಕೂರಬೇಕೆಂದರೆ ನಾನೇ ಬೇಕಲ್ಲ! ಕಟ್ಟೆಯ ಮೇಲೆ ಖಾಲಿಯಾದ ಆ ಒಂದು ಕೆಂಪು ಕುರ್ಚಿಯ ಮುಖ ನೋಡಬೇಕಿತ್ತು ನೀವು.

ಹೊತ್ತು ಏರಿತು, ಬಿಸಿಲು ಏರಿತು, ಯಾರೂ ಏಳಲಿಲ್ಲ. ಕೊನೆಗೆ ಹೆಡ್ ಮಾಸ್ತರರು ಅಂಗಿಯ ಜೇಬಿಗೆ ಕೈ ಹಾಕಿ, ತಲೆ ತಗ್ಗಿಸಿ ಬಂದು ಕೀಲಿಕೈಯನ್ನು ಫಕೀರವ್ವನ ಕೈಗೆ ಕೊಟ್ಟರು. “ನಂದ ತಪ್ಪಾತವ್ವ. ಧ್ವಜ ಕಂಡೆ, ಬಾಗಲದ ಮ್ಯಾಲೆ ಬರದದ್ದು ಕಾಣಲಿಲ್ಲ” ಎಂದರು. ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಅದೇ ವಾರ ಖೋಲಿ ಖಾಲಿಯಾಯಿತು. ಪೈಪಿಗೆ ನೀರು ಬಂತು. ಬಾಗಿಲಿಗೆ ಒಳಗಡೆ ಚಿಲಕವೇ ಇರಲಿಲ್ಲ, ಬಡಿಗೇರ ಬಂದು ಹೊಸದನ್ನು ಕೂರಿಸಿದ. ಫಕೀರವ್ವ ಹತ್ತನೆಯ ತರಗತಿಗೆ ಬಂದಳು. ಈಗ ಕ್ಲಾಸಿಗೆ ಬೆಂಚು ಬಂದಿದೆ, ನನ್ನನ್ನು ಹಾಸುವವರಿಲ್ಲ. ನಾನು ವರಾಂಡದ ತುದಿಯಲ್ಲಿ, ಮುರಿದ ಬೆಂಚಿನ ಮೇಲೆ ಸುರುಳಿಯಾಗಿ ಬಿದ್ದಿದ್ದೇನೆ. ಅಂಚು ಸವೆದಿದೆ, ಪಗಡೆ ಚೌಕದಲ್ಲಿ ಇಲಿ ಮನೆ ಮಾಡಿದೆ. ಜನವರಿ ಇಪ್ಪತ್ತಾರಕ್ಕೆ ಬಾವುಟವನ್ನು ನನ್ನ ಮುಂದೆಯೇ ಎರಡೂ ಕೈಯಲ್ಲಿ ಹಿಡಿದು ಒಯ್ಯುತ್ತಾರೆ. ನನಗೆ ಈಗಲೂ ಉರಿಯುತ್ತದೆ. ವಯಸ್ಸಾದರೆ ಎಲ್ಲ ತಣ್ಣಗಾಗುತ್ತದೆ ಎನ್ನುವವರು ಬಂದು ನನ್ನ ಮೈ ಮುಟ್ಟಿ ನೋಡಲಿ.

ಅದಕ್ಕಿಂತ ಹೆಚ್ಚು ಉರಿಯುವುದು ಬೇರೊಂದನ್ನು ನೆನೆದರೆ. ಆ ಖೋಲಿಯೊಳಗೆ ನಾನಿದ್ದ ಮೂಲೆಯಲ್ಲಿ ಈಗ ಒಂದು ನೀಲಿ ಬಕೆಟ್ಟು ಕೂತಿದೆ. ನೂಲಿಲ್ಲ, ನೇಯ್ಗೆಯಿಲ್ಲ, ಆ ಕುರ್ಚಿಗಳ ಸೋದರಸಂಬಂಧಿಯೇ ಇರಬೇಕು. ಪುಣ್ಯ ಮಾಡಿದೆ ಅದು. ಮಧ್ಯಾಹ್ನ ಗಂಟೆ ಬಾರಿಸಿದಾಗ ಫಕೀರವ್ವ ನಲ್ಲಿಯ ಹತ್ತಿರ ನಿಂತು ಹೊಟ್ಟೆ ತುಂಬ ನೀರು ಕುಡಿದು, ಅವಸರವಿಲ್ಲದೆ ನನ್ನ ಮುಂದೆ ಹಾದು ಹಿಂಬದಿಗೆ ಹೋಗುತ್ತಾಳೆ. ಆ ಬಾಗಿಲಿಗೆ ಹೊರಗಿನಿಂದ ಕೀಲಿ ಬೀಳುವ ಸದ್ದನ್ನು ನಾನು ವರ್ಷಗಟ್ಟಲೆ ಕೇಳಿದವನು. ಈಗ ಕಿವಿಗೊಟ್ಟು ಕಾಯುತ್ತೇನೆ. ಬಾಗಿಲು ಮುಚ್ಚುತ್ತದೆ, ಚಿಲಕ ಒಳಗಿನಿಂದ ಬೀಳುತ್ತದೆ.