ಸೀಲು ಒಡೆದ ಪಂಪು

ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದೆ ಖಾದರಸಾಬನ ಗ್ಯಾರೇಜಿತ್ತು. ೧೯೮೭ರ ಬೇಸಿಗೆಯಲ್ಲಿ ಕಲ್ಯಾಣಪ್ಪ ತನ್ನ ಡೀಸೆಲ್ ಅಂಬಾಸಿಡರ್ ತಂದು ಅದರ ಮುಂದೆ ನಿಲ್ಲಿಸಿದ. ಗಾಣಗಾಪುರಕ್ಕೆ ಹೋಗುವ ಯಾತ್ರಿಕರನ್ನು ಕಾರಿನಲ್ಲಿ ತುಂಬಿಕೊಂಡು ಹೋಗುವುದು ಅವನ ದಂಧೆ.

“ಉಸ್ತಾದ್, ಒಂಬತ್ತು ಮಂದಿ ಕುಂತ್ರ ಗಾಡಿ ಎಳ್ಯಂಗಿಲ್ಲ. ಮಲ್ಲಣ್ಣನ ಜೀಪು ದಿನಾ ನನ್ನ ದಾಟಿ ಹೋಗ್ತದ. ಡೀಸೆಲ್ ಪಂಪಿನ ಸ್ಕ್ರೂ ತಿರುವಿ ಇಂಜಿನ್ನಿಗೆ ಡೀಸೆಲ್ ಹೆಚ್ಚು ಬಿಡ್ರಿ.”

“ಯಾರೂ ತಿರುವಬಾರದಂತ ಕಂಪನಿಯವ್ರು ಅದಕ್ಕ ಸೀಲ್ ಹಾಕ್ಯಾರಪ್ಪ. ಡೀಸೆಲ್ ಹೆಚ್ಚು ಹೋದ್ರ ಎಳೀತದ ಖರೆ. ಹೊಗಿನೂ ಹೆಚ್ಚು, ಬಿಸಿನೂ ಹೆಚ್ಚು. ಈ ಬಿಸಲಾಗ ಇಂಜಿನ್ ತಡಕೊಳ್ಳಂಗಿಲ್ಲ.”

ಕಲ್ಯಾಣಪ್ಪ ಮೂರು ದಿನ ಬೆನ್ನು ಬಿಡಲಿಲ್ಲ. ನಾಲ್ಕನೆಯ ದಿನ ಖಾದರಸಾಬ ಪಂಪಿನ ಸೀಲು ಕತ್ತರಿಸಿ ಸ್ಕ್ರೂವನ್ನು ಕಾಲು ಸುತ್ತು ತಿರುವಿದ. ಊರ ಹೊರಗೆ ಓಡಿಸಿ ನೋಡಿದರೆ ಗಾಡಿ ಮುನ್ನುಗ್ಗುತ್ತಿತ್ತು. ಖಾದರಸಾಬನಿಗೇ ಹುರುಪು ಬಂತು. ಮರಳಿ ಬಂದು ಇನ್ನೂ ಕಾಲು ಸುತ್ತು ತಿರುವಿದ. ಅಷ್ಟನ್ನು ಕಲ್ಯಾಣಪ್ಪ ಕೇಳಿರಲಿಲ್ಲ.

ಎರಡು ವಾರ ಎಲ್ಲ ಸುಸೂತ್ರವಾಗಿತ್ತು. ಹುಣ್ಣಿಮೆಯ ದಿನ ಖಾದರಸಾಬನ ಹೆಂಡತಿ ಗೌಸಿಯಾಬೇಗಂ ಗಾಣಗಾಪುರದಲ್ಲಿದ್ದ ತಂಗಿ ಪ್ಯಾರಿಬಿಯ ಮನೆಗೆ ಅದೇ ಕಾರಿನಲ್ಲಿ ಹೊರಟಳು. ಮುಂದಿನ ಸೀಟಿನಲ್ಲಿ ಕೂತ ಹೆಂಡತಿಯನ್ನು ನೋಡಿ ಖಾದರಸಾಬನಿಗೆ ಸ್ಕ್ರೂವಿನ ನೆನಪಾಯಿತು. ಕಾರಿನ ಬಾಗಿಲು ಹಾಕಿ ಹಿಂದೆ ಸರಿದ.

ಹನ್ನೊಂದು ಗಂಟೆಗೆ ಗಾಣಗಾಪುರದ ಕಡೆಯಿಂದ ಬಂದ ಬಸ್ಸಿನಿಂದಿಳಿದ ಕಂಡಕ್ಟರ್ ಕೂಗಿ ಹೇಳಿದ: “ಖಾದರಭಾಯ್, ಕಲ್ಯಾಣಪ್ಪನ ಕಾರು ಹವಳಗಾ ಹತ್ರ ನಿಂತದ. ಬಾನೆಟ್ಟಿನಿಂದ ಭಾಳ ಹೊಗಿ ಬರಾಕತ್ತಿತ್ತು!”

“ಮಂದಿ? ಮಂದಿ ಹ್ಯಾಂಗದಾರ?”

“ನೋಡಲಿಲ್ರಿ. ನಮಗ ಟೈಮ್ ಆಗಿತ್ತು.”

ಖಾದರಸಾಬ ಚಪ್ಪಲಿ ಹಾಕಿಕೊಳ್ಳದೆ ಓಡಿ, ಆ ಕಡೆ ಹೊರಟಿದ್ದ ಲಾರಿ ಹತ್ತಿದ. ದಾರಿಯುದ್ದಕ್ಕೂ ಆ ಎರಡನೆಯ ಕಾಲು ಸುತ್ತೇ ಅವನ ತಲೆಯಲ್ಲಿ ತಿರುಗುತ್ತಿತ್ತು. ಬೆಂಕಿ ಹತ್ತಿದ್ದರೆ? ಕುದಿಯುವ ನೀರು ಯಾರ ಮೈಮೇಲಾದರೂ ಸಿಡಿದಿದ್ದರೆ?

ಕಾರು ರಸ್ತೆಯ ಬದಿಗೆ ನಿಂತಿತ್ತು. ಬಾನೆಟ್ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಖಾದರಸಾಬ ಸುತ್ತಲೂ ಹುಡುಕಿ ನೋಡಿದ.

“ಇಲ್ಲಿ ಅದೀವಿ ಬರ್ರಿ,” ಎಂದು ಹೆಂಡತಿಯ ದನಿ ಕೇಳಿತು.

ಹೊಲದ ಬೇವಿನ ಮರದ ಕೆಳಗೆ ಎಲ್ಲರೂ ಕೂತಿದ್ದರು. ಯಾತ್ರಿಕರು ಬುತ್ತಿ ಬಿಚ್ಚಿಕೊಂಡಿದ್ದರು. ಗೌಸಿಯಾಬೇಗಂಳ ಅಂಗೈಯಲ್ಲಿ ಅವರು ಕೊಟ್ಟ ಸಜ್ಜೆ ರೊಟ್ಟಿ. ಖಾದರಸಾಬ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ.

“ಭಾಬಿ ಇದ್ದದ್ದಕ್ಕ ಉಳಿದ್ವಿ, ಉಸ್ತಾದ್,” ಎಂದ ಕಲ್ಯಾಣಪ್ಪ. “ಬಿಸಿ ತೋರಿಸೋ ಮುಳ್ಳು ಮ್ಯಾಲ ಹೋಗ್ಯದ, ನಿಂದ್ರಸು ಅಂದ್ರು. ಇನ್ನ ಸ್ವಲ್ಪ ಹೋಗೂಣು ಅಂದೆ. ಇಂಜಿನ್ ಬಂದ್ ಮಾಡೋ ಗುಂಡಿಗೇ ಕೈ ಹಾಕಿ ನಿಂದ್ರಸಿದ್ರು. ಆಮ್ಯಾಲ ನಾ ರೇಡಿಯೇಟರ್ ಮುಚ್ಚಳ ತಗ್ಯಾಕ ಹೋದ್ರ ಕೈ ಹಿಡದು ಎಳದ್ರು.”

“ಇಪ್ಪತ್ತು ವರ್ಷ ನಿಮ್ಮ ಗ್ಯಾರೇಜಿಗೆ ಬುತ್ತಿ ತಂದೇನಿ. ಅಷ್ಟೂ ಗೊತ್ತಾಗಂಗಿಲ್ಲೇನು?” ಎಂದು ಗೌಸಿಯಾಬೇಗಂ ಗಂಡನ ಬರಿಗಾಲು ನೋಡಿದಳು. “ಅಂವ ಸ್ಕ್ರೂ ತಿರುವಿಸೀನಿ ಅಂದ. ಎಷ್ಟು ತಿರುವೀರಿ?”

“ಅಂವ ಕೇಳಿದ್ದು ಸ್ವಲ್ಪು. ನಾ ಅದರ ಎರಡರಷ್ಟು ತಿರುವೀನಿ. ತಪ್ಪು ನಂದೇ.”

ಕಲ್ಯಾಣಪ್ಪ ಸಿಟ್ಟಾಗಬಹುದೆಂದು ಖಾದರಸಾಬ ಕಾದ. ಅವನು ತಲೆ ಕೆರೆದುಕೊಂಡು, “ಮೂರು ದಿನ ನಾನರ ಎಲ್ಲಿ ನಿಮ್ಮ ಬೆನ್ನ ಬಿಟ್ಟೆ,” ಎಂದ.

ಯಾತ್ರಿಕರು ಬಸ್ಸಿನಲ್ಲಿ ಹೋದರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಅಫಜಲಪುರಕ್ಕೆ ಎಳೆದು ತಂದರು. ಖಾದರಸಾಬ ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದ. ಅದರ ಕೆಳಗಿನ ತೆಳು ಹಾಳೆ, ಗ್ಯಾಸ್ಕೆಟ್, ಸುಟ್ಟು ಕರಕಲಾಗಿತ್ತು. ಹೆಡ್ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಕಣ್ಣು ಕಿರಿದು ಮಾಡಿ, ನಾಲ್ಕೂ ಕಡೆ ನೋಡಿದ. ಬಿಸಿಗೆ ಅದು ಸೊಟ್ಟಗಾಗಿದ್ದರೆ ಇಂಜಿನ್ನೇ ಹೋದಂತೆ. ಸೊಟ್ಟಗಾಗಿರಲಿಲ್ಲ, ಎಲ್ಲೂ ಸೀಳಿರಲಿಲ್ಲ.

“ಉಳೀತಲೇ ಕಲ್ಯಾಣಿ!” ಎಂದವನೇ ಗೋಡೆಗೆ ಒರಗಿ ನಗತೊಡಗಿದ.

ಹೊಸ ಗ್ಯಾಸ್ಕೆಟ್ ಕೂಡಿಸಿ, ಸ್ಕ್ರೂವನ್ನು ಪೂರ್ತಿ ಹಿಂದಕ್ಕೆ ತಿರುವಿದ. ಮೂರನೆಯ ದಿನ ಗಂಡ ಹೆಂಡಿರಿಬ್ಬರೂ ಆ ಕಾರಿನಲ್ಲೇ ಗಾಣಗಾಪುರಕ್ಕೆ ಹೋದರು. ಹುಣ್ಣಿಮೆಯ ದಿನ ತಾನು ಮಾಡಿಟ್ಟಿದ್ದ ಅಡುಗೆಯನ್ನೆಲ್ಲ ನೆರೆಮನೆಯವರು ಉಂಡರೆಂದು ಪ್ಯಾರಿಬಿ ಅಕ್ಕನನ್ನು ಬೈಯುತ್ತಲೇ ಬಿಸಿ ಬಿಸಿ ಬಡಿಸಿದಳು. ಮೂರು ದಿನ ತುತ್ತು ಸರಿಯಾಗಿ ಇಳಿಯದಿದ್ದ ಖಾದರಸಾಬ ಎರಡು ಸಲ ನೀಡಿಸಿಕೊಂಡು ಉಂಡ. ಕೈ ತೊಳೆದವನೇ ಪಡಸಾಲೆಯ ಚಾಪೆಯ ಮೇಲೆ ಮೈ ಚಾಚಿ ನಿದ್ದೆಹೋದ.